‘ಕೆಲ್ಸಾ ಏನಿಲ್ರೀ, ಮನ್ಯಾಗ ಇರ್ತೀನಿ’ ಎಂದವರನ್ನು ಮತ್ತೆ ಕೇಳುವುದು ಹೇಗೆ?

ಪ್ರಶ್ನೆ: ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಮಹಿಳಾ ಅಧ್ಯಯನ ನನ್ನ ಐಚ್ಛಿಕ ವಿಷಯಗಳಲ್ಲಿ ಒಂದು. ‘ಗ್ರಾಮೀಣ ಮಹಿಳೆಯರ ಸಂಬಳವಿಲ್ಲದ ದುಡಿಮೆ’ ಎಂಬ ವಿಷಯದ ಮೇಲೆ ಕಿರುಪ್ರಬಂಧ ಬರೆಯಬೇಕಿದೆ. ನಮ್ಮೂರು ಕುಷ್ಟಗಿ ತಾಲ್ಲೂಕಿನಲ್ಲಿದೆ. ಹೆಚ್ಚಿನವು ಮಳೆ ನಂಬಿದ ಹೊಲಗಳು, ಕೆಲವು ಮನೆಗಳಲ್ಲಿ ಇಳಕಲ್ ಸೀರೆಯ ಮಗ್ಗಗಳಿವೆ. ಐದು ಪುಟದ ಪ್ರಶ್ನಾವಳಿ ಹಿಡಿದು 22 ಹೆಂಗಸರನ್ನು ಮಾತಾಡಿಸಿದೆ. ‘ನೀವು ಕೆಲಸ ಮಾಡುತ್ತೀರಾ?’ ಎಂದರೆ 15 ಮಂದಿ ‘ಇಲ್ರೀ, ಮನ್ಯಾಗ ಇರ್ತೀನಿ’ ಎಂದರು. ಮನೆಗೆಲಸ ದಿನಕ್ಕೆ ಎಷ್ಟು ಗಂಟೆ ಎಂದರೆ ‘ಅದಕ್ಕೇನ್ ಲೆಕ್ಕ ಬಿಡವಾ’ ಎಂದು ನಕ್ಕರು. ಕನಿಷ್ಠ 100 ಜನರಿಲ್ಲದೆ ಸಂಶೋಧನೆ ಆಗುವುದಿಲ್ಲ ಎಂದು ಮಾರ್ಗದರ್ಶಕರು ಹೇಳುತ್ತಾರೆ. ಸ್ವಂತ ಊರು, ಸಂಬಂಧಿಕರು, ಪಕ್ಷಪಾತ ಬರುತ್ತದೆ, ಬೇರೆ ಊರು ಆರಿಸಿಕೋ ಎಂದು ಇನ್ನೊಬ್ಬ ಉಪನ್ಯಾಸಕರ ಸಲಹೆ. ‘ಇದೂ ಒಂದು ಸಬ್ಜೆಕ್ಟಾ, ಮುಂದೇನು ಉಪಯೋಗ’ ಎಂಬ ಮಾತು ಮನೆಯಲ್ಲಿ. ಉಳಿದಿರುವುದು ಹತ್ತು ವಾರ. ವಿಷಯ ಬದಲಿಸಲೇ?

ಉತ್ತರ: ವಿಷಯ ಇರಲಿ, ಪ್ರಶ್ನಾವಳಿ ಬದಲಿಸಿ.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಸಿಕ್ಕುಹಾಕಿಕೊಂಡಿವೆ: ಹೆಂಗಸರು ‘ಸರಿಯಾದ’ ಉತ್ತರ ಕೊಡಲಿಲ್ಲ, ಸಂಖ್ಯೆ ಸಾಲದು, ಊರು ಸ್ವಂತದ್ದು. ಮೊದಲನೆಯ ಗಂಟು ಬಿಚ್ಚಿದರೆ ಉಳಿದೆರಡು ತಾವೇ ಸಡಿಲವಾಗುತ್ತವೆ. ಹಾಗಾಗಿ ಅಲ್ಲಿಂದಲೇ ಹೊರಡೋಣ.

ಆ 15 ಮಂದಿ ಸುಳ್ಳು ಹೇಳಿಲ್ಲ. ‘ಕೆಲಸ’ ಎಂದಾಗ ಅವರ ಕಿವಿಗೆ ಬಿದ್ದದ್ದು ಕೂಲಿ, ನೌಕರಿ, ಕೈಗೆ ದುಡ್ಡು ಬರುವ ದಗದ. ಮನೆಯೊಳಗಿನ ದುಡಿಮೆಗೆ ನಿಮ್ಮ ಸೀಮೆಯಲ್ಲಿ ಬೇರೆಯೇ ಮಾತಿದೆ: ಬದುಕು. ‘ಮನಿ ಬದುಕು ಮುಗಿಸಿ ಬರ್ತೀನಿ’ ಎನ್ನುವ ಹೆಂಗಸನ್ನು ‘ನಿಮ್ಮ ಉದ್ಯೋಗವೇನು’ ಎಂದು ಕೇಳಿದರೆ ‘ಏನಿಲ್ಲ’ ಎನ್ನದೆ ಇನ್ನೇನು ಹೇಳಿಯಾಳು? ನೀವು ಕಾಲೇಜಿನ ಕನ್ನಡದಲ್ಲಿ ಕೇಳಿದಿರಿ, ಅವರು ಊರಿನ ಕನ್ನಡದಲ್ಲಿ ಕೇಳಿಸಿಕೊಂಡರು. ಆ ಎರಡರ ನಡುವೆ ದುಡಿಮೆಯ ಬಹುಪಾಲು ಬಿದ್ದುಹೋಯಿತು. ಮಹಿಳಾ ಅಧ್ಯಯನಕ್ಕೆ ಅಡಿಪಾಯವಾದ ಸಮಸ್ಯೆಗಳಲ್ಲಿ ಇದೂ ಒಂದು, ನಿಮಗೆ ಅದು ಮೊದಲ ವಾರದಲ್ಲೇ ಕೈಗೆ ಸಿಕ್ಕಿದೆ.

ಜನಗಣತಿಯೂ ಇದೇ ಜಾಗದಲ್ಲಿ ಎಡವುತ್ತಾ ಬಂದಿತ್ತು. ದೊಡ್ಡ ಒತ್ತಾಯದ ನಂತರ 1991ರ ಗಣತಿಯಲ್ಲಿ, ಕಳೆದ ವರ್ಷ ಏನಾದರೂ ಕೆಲಸ ಮಾಡಿದ್ದೀರಾ ಎಂಬ ಪ್ರಶ್ನೆಗೆ ‘ಹೊಲದಲ್ಲಿ ಅಥವಾ ಮನೆಯ ಉದ್ದಿಮೆಯಲ್ಲಿ ಕೂಲಿಯಿಲ್ಲದೆ ಮಾಡಿದ್ದೂ ಸೇರಿ’ ಎಂಬರ್ಥದ ಮಾತು ಸೇರಿಸಿದರು. ಅದಕ್ಕೂ ಮುಂಚೆ, 1970ರ ದಶಕದಲ್ಲೇ, ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಮತ್ತು ಸಂಗಡಿಗರು ರಾಜಸ್ಥಾನ, ಪಶ್ಚಿಮ ಬಂಗಾಳದ ಕೆಲವು ಹಳ್ಳಿಗಳಲ್ಲಿ ‘ಕೆಲಸ ಮಾಡುತ್ತೀರಾ’ ಎಂಬ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟು, ದಿನದ ಹೊತ್ತು ಯಾವುದಕ್ಕೆ ಹೋಗುತ್ತದೆ ಎಂದು ಬರೆದುಕೊಳ್ಳುತ್ತಾ ಹೋದರು. ಅಧಿಕೃತ ಲೆಕ್ಕದಲ್ಲಿ ದುಡಿಯದವರು ಎನಿಸಿಕೊಂಡಿದ್ದ ಹೆಂಗಸರು ಆ ಪಟ್ಟಿಯಲ್ಲಿ ದುಡಿಯುವವರಾಗಿ ಕಂಡರು. ಹೆಂಗಸರು ಅವರೇ, ಅವರ ದಿನವೂ ಅದೇ. ಬೇರೆಯಾದದ್ದು ಕೇಳಿದ ರೀತಿ.

ಮಗ್ಗದ ಮನೆ ನಿಮಗೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ಕೊಡುತ್ತದೆ. ಗಂಡ ಸೀರೆ ನೇಯುತ್ತಾನೆ, ಮಜೂರಿ ಸೀರೆಗೆ ಇಷ್ಟು ಎಂದು ಅವನ ಕೈಗೆ ಬರುತ್ತದೆ. ಹೆಂಡತಿ ಅಡುಗೆಯ ನಡುವೆ ರಾಟಿಯ ಮುಂದೆ ಕೂತು ಕಂಡಿಕೆ (ಲಾಳಿಯೊಳಗೆ ಕೂರಿಸುವ ನೂಲಿನ ಸುರುಳಿ) ಸುತ್ತುತ್ತಾಳೆ. ಕಂಡಿಕೆ ಇಲ್ಲದೆ ಲಾಳಿ ಓಡದು, ಲಾಳಿ ಓಡದೆ ಸೀರೆ ಇಲ್ಲ. ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯ ನಿಯಮದಂತೆ ಆಕೆ ‘ಮನೆಯ ಉದ್ದಿಮೆಯಲ್ಲಿ ಸಹಾಯಕಿ’, ಸಂಕೇತ ಸಂಖ್ಯೆ 21. ಎಂದರೆ ದುಡಿಯುವವಳು. ಆದರೆ ಸಮೀಕ್ಷಕ ಬಾಗಿಲಲ್ಲಿ ನಿಂತು ಕೇಳಿದಾಗ ಗಂಡ ‘ಆಕಿ ಮನ್ಯಾಗ ಇರ್ತಾಳ್ರೀ’ ಎಂದುಬಿಟ್ಟರೆ ಸಂಖ್ಯೆ 92 ಆಗುತ್ತದೆ, ಬರೀ ಮನೆವಾರ್ತೆ. ಮನೆವಾರ್ತೆಯ ಜೊತೆ ಸೌದೆ, ಮೇವು ತರುವುದು, ಮನೆಮಂದಿಗೆ ಬಟ್ಟೆ ಹೊಲಿಯುವುದು ಇದ್ದರೆ 93. ಈ 92 ಮತ್ತು 93 ಎರಡೂ ಕಾರ್ಮಿಕ ಬಲದ, ಎಂದರೆ ದುಡಿಯುವವರು ಮತ್ತು ಕೆಲಸ ಹುಡುಕುತ್ತಿರುವವರ ಲೆಕ್ಕದ, ಹೊರಗೆ. ಒಂದು ವಾಕ್ಯದ ವ್ಯತ್ಯಾಸಕ್ಕೆ ಒಬ್ಬ ಹೆಂಗಸು ದೇಶದ ಲೆಕ್ಕದಿಂದ ಆಚೆ ಹೋಗುತ್ತಾಳೆ. ಆಂಧ್ರದ ನರಸಾಪುರದಲ್ಲಿ ಲೇಸ್ ಹೆಣೆದು ವಿದೇಶಿ ಮಾರುಕಟ್ಟೆಗೆ ಒದಗಿಸುತ್ತಿದ್ದ ಹೆಂಗಸರನ್ನು ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಧ್ಯಯನ ಮಾಡಿದಾಗಲೂ ಹೀಗೇ ಇತ್ತು. ದಿನವಿಡೀ ಹೆಣೆಯುವವರನ್ನು ಸುತ್ತಲಿನವರು ಬಿಡುವಿನ ವೇಳೆ ಕಳೆಯುವ ಗೃಹಿಣಿಯರೆಂದೇ ಎಣಿಸಿದ್ದರು, ಅದರಿಂದ ಮಜೂರಿಯೂ ಕಡಿಮೆ ಉಳಿಯಿತು. ಹೆಸರಿಡುವ ರೀತಿಯೇ ಬೆಲೆ ಇಳಿಸುತ್ತದೆ ಎಂಬುದನ್ನು ನಿಮ್ಮೂರಿನ ಕಂಡಿಕೆಯಿಂದಲೂ ತೋರಿಸಬಹುದು.

ನೂರು ಎಂಬ ಸಂಖ್ಯೆ, ಸ್ವಂತ ಊರು ಎಂಬ ಭಯ

ನೂರು ಜನ ಬೇಕು ಎಂಬ ಮಾತು ಎಲ್ಲಿಂದ ಬಂತು ಎಂದು ತಿಳಿದರೆ ಮಾರ್ಗದರ್ಶಕರೊಡನೆ ಮಾತು ಸುಲಭ. ಶೇಕಡಾವಾರು ಹೇಳಿ ಅದನ್ನು ಇಡೀ ಊರಿಗೋ ತಾಲ್ಲೂಕಿಗೋ ಅನ್ವಯಿಸಬೇಕಾದಾಗ ಸಂಖ್ಯೆ ಮುಖ್ಯ. ಲಾಟರಿ ಎತ್ತಿದಂತೆ ಆರಿಸಿದ 100 ಜನರಿದ್ದರೆ ನಿಮ್ಮ ಶೇಕಡಾ ಅಂಕಿ ಆಚೀಚೆ ಸುಮಾರು 10 ಅಂಶ ತಪ್ಪಬಹುದು, 22 ಜನರಿದ್ದರೆ ಸುಮಾರು 21 ಅಂಶ. ಆದರೆ ‘ಲಾಟರಿ ಎತ್ತಿದಂತೆ’ ಎಂಬ ಷರತ್ತನ್ನು ಯಾರೂ ನೆನಪಿಡುವುದಿಲ್ಲ. ಸಿಕ್ಕವರನ್ನು, ಮನೆಯಲ್ಲಿದ್ದವರನ್ನು, ಮಾತಾಡುವ ಮನಸ್ಸಿದ್ದವರನ್ನು ಸೇರಿಸಿ 100 ಮಾಡಿದರೆ ಆ ಗಣಿತ ಅನ್ವಯಿಸುವುದೇ ಇಲ್ಲ. ಕಿರುಪ್ರಬಂಧಗಳ ಬಹುತೇಕ ‘100 ಮಾದರಿ’ಗಳು ಈ ಜಾತಿಯವು.

ನಿಮ್ಮ ಪ್ರಶ್ನೆ ‘ಎಷ್ಟು ಮಂದಿ’ ಎಂಬುದೇ ಅಲ್ಲ. ದಿನ ಹೇಗೆ ಕಟ್ಟಲ್ಪಡುತ್ತದೆ, ಯಾವ ದುಡಿಮೆ ಯಾರ ಲೆಕ್ಕಕ್ಕೆ ಬೀಳುತ್ತದೆ ಎಂಬುದು. ಅದಕ್ಕೆ 12 ಹೆಂಗಸರು ಸಾಕು. ಒಬ್ಬೊಬ್ಬರಿಂದ 2 ದಿನದ ದಿನಚರಿ, ದಿನಕ್ಕೆ 48 ಅರ್ಧಗಂಟೆ: ಒಟ್ಟು 1,152 ನಮೂದುಗಳು. ಮಾರ್ಗದರ್ಶಕರಿಗೆ ಸಂಖ್ಯೆಯೇ ಬೇಕಿದ್ದರೆ ಇದನ್ನು ಹೇಳಿ. ಇದು ತಮಾಷೆಯ ಮಾತಲ್ಲ, ವಿಶ್ಲೇಷಣೆಯ ಘಟಕ ವ್ಯಕ್ತಿಯಲ್ಲ, ಅರ್ಧಗಂಟೆ ಎಂದು ವಿಧಾನದ ಅಧ್ಯಾಯದಲ್ಲಿ ಬರೆಯಲೇಬೇಕು. ‘ಗ್ರಾಮೀಣ ಮಹಿಳೆಯರಲ್ಲಿ ಶೇ. 68ರಷ್ಟು’ ಎಂಬಂಥ ವಾಕ್ಯವನ್ನು ಮಾತ್ರ ಎಲ್ಲೂ ಬರೆಯಬೇಡಿ. 22ರಲ್ಲಿ 15 ಎಂದೇ ಬರೆಯಿರಿ.

ಸ್ವಂತ ಊರಿನ ವಿಚಾರ. ಬೇರೆ ಊರಿಗೆ ಹೋದರೆ ಪಕ್ಷಪಾತ ಹೋಗುವುದಿಲ್ಲ, ಬೇರೆ ಬಗೆಯದು ಬರುತ್ತದೆ: ಹೊರಗಿನಿಂದ ಬಂದ ಹುಡುಗಿ ಕಾಗದ ಹಿಡಿದು ಕೇಳಿದರೆ ಸರ್ಕಾರದವಳು ಎಂದುಕೊಳ್ಳುತ್ತಾರೆ. 2023ರಿಂದ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಇದೆ, ರೇಷನ್ ಕಾರ್ಡಿದೆ. ಆದಾಯ, ಹೊಲ, ದುಡಿಮೆಯ ಪ್ರಶ್ನೆ ಬಂದ ತಕ್ಷಣ ಎಲ್ಲಿ ಹೆಸರು ತೆಗೆಯುತ್ತಾರೋ ಎಂಬ ಅಂಜಿಕೆಯಲ್ಲಿ ಉತ್ತರ ಸಣ್ಣದಾಗುತ್ತದೆ. ನಿಮ್ಮ 15 ‘ಇಲ್ಲ’ಗಳಲ್ಲಿ ಕೆಲವು ಹೀಗೆ ಬಂದಿರಲೂಬಹುದು, ಅದನ್ನೂ ಮತ್ತೆ ಹೋದಾಗ ವಿಚಾರಿಸಿ. ಸ್ವಂತ ಊರಿನಲ್ಲಿ ಆ ಅಂಜಿಕೆ ಕಡಿಮೆ, ಬದಲಿಗೆ ಬೇರೆ ಎರಡು ಅಪಾಯ. ಒಂದು, ಗೊತ್ತಿದ್ದನ್ನು ನೀವು ಕೇಳುವುದೇ ಇಲ್ಲ. ನೀರು ಯಾರು ತರುತ್ತಾರೆಂದು ನಿಮಗೆ ಗೊತ್ತು, ಆದ್ದರಿಂದ ಅದು ಟಿಪ್ಪಣಿಯಲ್ಲಿ ಬರುವುದಿಲ್ಲ. ಎರಡು, ನಿಮ್ಮ ಜಾತಿ, ನಿಮ್ಮ ಓಣಿ ಎಲ್ಲರಿಗೂ ಗೊತ್ತು, ಯಾವ ಕಟ್ಟೆಯ ಮೇಲೆ ಕೂರುತ್ತೀರಿ, ಯಾರ ಮನೆಯ ಚಹಾ ಕುಡಿಯುತ್ತೀರಿ ಎಂಬುದೂ ಉತ್ತರವನ್ನು ಬದಲಿಸುತ್ತದೆ. ಇದನ್ನು ಮುಚ್ಚಿಡದೆ ನಿಮ್ಮ ನಿಲುನೆಲೆ ಏನೆಂದು ಒಂದೂವರೆ ಪುಟ ಬರೆಯಿರಿ: ಯಾವ ಓಣಿಯವಳು, ಯಾರೊಡನೆ ಏನು ಸಂಬಂಧ, ಎಲ್ಲಿ ಬಾಗಿಲು ಬೇಗ ತೆರೆಯಿತು, ಎಲ್ಲಿ ತೆರೆಯಲಿಲ್ಲ. ಸ್ವಂತ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರನ್ನು ಮಾತ್ರ 12ರಲ್ಲಿ ಸೇರಿಸಬೇಡಿ, ಅಭ್ಯಾಸದ ದಿನಚರಿಗೆ ಅವರನ್ನು ಬಳಸಿಕೊಳ್ಳಿ.

ದಿನವನ್ನು ಬರೆದುಕೊಳ್ಳುವುದು

ರಾಷ್ಟ್ರೀಯ ಅಂಕಿಸಂಖ್ಯಾ ಕಚೇರಿ 2019ರಲ್ಲಿ ಮೊದಲ ದೇಶವ್ಯಾಪಿ ಸಮಯ ಬಳಕೆ ಸಮೀಕ್ಷೆ ಮಾಡಿತು, 2024ರಲ್ಲಿ ಎರಡನೆಯದು. (1998–99ರ ಪ್ರಾಯೋಗಿಕ ಸಮೀಕ್ಷೆ ಆರೇ ರಾಜ್ಯಗಳದ್ದು, ಕರ್ನಾಟಕ ಅದರಲ್ಲಿ ಇರಲಿಲ್ಲ.) ಆ ದೇಶವ್ಯಾಪಿ ಸಮೀಕ್ಷೆಯ ಚೌಕಟ್ಟನ್ನೇ ಎರವಲು ತೆಗೆದುಕೊಳ್ಳಿ. ಹಿಂದಿನ ದಿನ ಬೆಳಗಿನ ಜಾವ 4ರಿಂದ ಇಂದಿನ ಜಾವ 4ರವರೆಗೆ 24 ಗಂಟೆ, ಅರ್ಧರ್ಧ ಗಂಟೆಯ 48 ಚೌಕಗಳು, 10 ನಿಮಿಷಕ್ಕೆ ಕಡಿಮೆಯಿಲ್ಲದ ಚಟುವಟಿಕೆಗಳು, ಒಂದು ಚೌಕದಲ್ಲಿ ಹೆಚ್ಚೆಂದರೆ ಮೂರು. ಅಡ್ಡಗೆರೆ ಹಾಕಿದ ದೊಡ್ಡ ನೋಟ್‌ಬುಕ್ಕಿನ ಎರಡು ಪುಟ ಸಾಕು. ಐದು ಕಾಲಂ ಇರಲಿ: ಹೊತ್ತು, ಮುಖ್ಯವಾಗಿ ಮಾಡಿದ್ದು, ಜೊತೆಗೆ ನಡೆದದ್ದು, ಎಲ್ಲಿ, ಯಾರಿಗಾಗಿ ಮತ್ತು ದುಡ್ಡು ಬಂತೇ.

ಗಡಿಯಾರ ಹಿಡಿದು ಕೇಳಬೇಡಿ. ‘ಐದೂವರೆಗೆ ಏನು ಮಾಡ್ತಿದ್ರಿ’ ಎಂದರೆ ನೆನಪು ಬರುವುದಿಲ್ಲ. ಊರಿನ ಹೊತ್ತಿನ ಗುರುತುಗಳನ್ನು ಮೊದಲೇ ಪಟ್ಟಿ ಮಾಡಿಕೊಳ್ಳಿ: ಮೊದಲ ಬಸ್ಸು, ನಳದ ನೀರು ಬಿಡುವುದು, ಡೈರಿಗೆ ಹಾಲು ಹಾಕುವುದು, ಶಾಲೆಯ ಗಂಟೆ, ಹೊಲಕ್ಕೆ ಬುತ್ತಿ ಹೋಗುವುದು, ತ್ರೀ ಫೇಸ್ ಕರೆಂಟು ಬರುವುದು, ಸಂಜೆಯ ಧಾರಾವಾಹಿ. ಪ್ರತಿ ಗುರುತಿನ ಗಡಿಯಾರದ ಹೊತ್ತನ್ನು ನೀವೇ ನೋಡಿ ಬರೆದಿಟ್ಟುಕೊಳ್ಳಿ. ಆಮೇಲೆ ‘ನಿನ್ನೆ ಎದ್ದಾಗ ಬಸ್ಸು ಬಂದಿತ್ತಾ? ಎದ್ದ ಕೂಡ್ಲೇ ಏನು? ಅದಾದ ಮ್ಯಾಲೆ?’ ಎಂದು ದಾರ ಎಳೆದಂತೆ ಎಳೆಯುತ್ತಾ ಹೋಗಿ. ‘ಸಾಮಾನ್ಯವಾಗಿ ಏನು ಮಾಡ್ತೀರಿ’ ಎಂದು ಎಂದೂ ಕೇಳಬೇಡಿ. ಸಾಮಾನ್ಯ ದಿನವೆಂದರೆ ಜನ ಹೇಳುವುದು ಆಗಬೇಕಾದ ದಿನ. ನಿನ್ನೆ ಎಂದರೆ ನಡೆದ ದಿನ.

ಒಂದು ಚೌಕವನ್ನು ಹತ್ತಿರದಿಂದ ನೋಡಿ. ಆಕೆ ಹೇಳುತ್ತಾಳೆ: ‘ರೊಟ್ಟಿ ಬಡಿದೆ.’ ನೀವು 7ರಿಂದ 7:30, ರೊಟ್ಟಿ ಎಂದು ಬರೆದು ಮುಂದೆ ಹೋದರೆ ಅರ್ಧ ಕಳೆದುಕೊಂಡಿರಿ. ಮೂರು ಚಿಕ್ಕ ಪ್ರಶ್ನೆ ಸೇರಿಸಿ. ಆಗ ಕೂಸು ಎಲ್ಲಿತ್ತು? ‘ಬಗಲಾಗ ಕುಂತಿತ್ತು.’ ಒಲೆಗೆ ಏನು? ‘ತೊಗರಿ ಕಟಗಿ.’ ರೊಟ್ಟಿ ಯಾರ್‍ಯಾರಿಗೆ? ‘ನಮಗ, ಮತ್ತ ಮಗ್ಗದಾಗ ದುಡಿಯೋ ಇಬ್ಬರಿಗೆ.’ ಈಗ ಆ ಒಂದೇ ಅರ್ಧಗಂಟೆಯಲ್ಲಿ ಅಡುಗೆ ಇದೆ, ಮಗುವಿನ ಆರೈಕೆ ಇದೆ, ಮಗ್ಗದ ಆಳುಗಳ ಊಟ ಇದೆ. ಮೂರನೆಯದು ಮನೆಯ ಉದ್ದಿಮೆಯ ಖರ್ಚು ಉಳಿಸುವ ದುಡಿಮೆ, ಅದನ್ನು ಅಡುಗೆಯಲ್ಲಿ ಮುಚ್ಚಿಹಾಕಿದರೆ ನಿಮ್ಮ ಪ್ರಬಂಧದ ಜೀವವೇ ಹೋದಂತೆ. ಜೊತೆಗೆ ತೊಗರಿ ಕಟ್ಟಿಗೆ ಹೊಲದಿಂದ ಯಾರು ಯಾವಾಗ ತಂದರು ಎಂಬ ಹೊಸ ದಾರವೂ ಸಿಕ್ಕಿತು. ಒಟ್ಟು ಕೂಡುವಾಗ ಮಾತ್ರ ಎಚ್ಚರ. ಮೂರಕ್ಕೂ 30 ನಿಮಿಷ ಕೊಟ್ಟರೆ ದಿನ 24 ಗಂಟೆ ದಾಟುತ್ತದೆ. ಮುಖ್ಯ ಚಟುವಟಿಕೆಗೆ ಪೂರ್ತಿ ಹೊತ್ತು ಕೊಟ್ಟು ಒಂದು ಪಟ್ಟಿ, ಜೊತೆಗೆ ನಡೆದದ್ದನ್ನು ಎಷ್ಟು ಅರ್ಧಗಂಟೆಗಳಲ್ಲಿ ಕಂಡಿತು ಎಂದು ಎಣಿಸಿ ಇನ್ನೊಂದು ಪಟ್ಟಿ ಮಾಡಿ. ಎರಡನ್ನು ಬೆರೆಸಬೇಡಿ.

ಈ ವಿಧಾನಕ್ಕೂ ಕುರುಡು ಜಾಗವಿದೆ. ಮಗು ಮಲಗಿದೆ, ತಾಯಿ ಪಕ್ಕದಲ್ಲಿ ಕೂತು ಕಾಳು ಆರಿಸುತ್ತಿದ್ದಾಳೆ. ದಿನಚರಿಯಲ್ಲಿ ಕಾಳು ಬರುತ್ತದೆ, ಮಗುವನ್ನು ಬಿಟ್ಟು ಎದ್ದುಹೋಗಲಾರದ ಕಟ್ಟು ಬರುವುದಿಲ್ಲ. ಅದಕ್ಕಾಗಿ ಪ್ರತಿ ಹೊತ್ತಿಗೂ ‘ಆಗ ನೀವು ಎದ್ದು ಬೇರೆ ಕಡೆ ಹೋಗಬಹುದಿತ್ತಾ’ ಎಂದು ಕೇಳಿ ಒಂದು ಚುಕ್ಕೆ ಇಡುವುದು ಸುಲಭದ ಉಪಾಯ. ಚುಕ್ಕೆಗಳ ಸಾಲು ನೋಡಿದಾಗ ಬಿಡುವು ಎಂದು ಬರೆದ ಹೊತ್ತಿನಲ್ಲಿ ನಿಜವಾದ ಬಿಡುವು ಎಷ್ಟೆಂದು ತಿಳಿಯುತ್ತದೆ.

ಒಂದು ದಿನಚರಿಗೆ 45ರಿಂದ 60 ನಿಮಿಷ, ಅದೇ ರಾತ್ರಿ ಚೊಕ್ಕಟವಾಗಿ ತಿದ್ದಿ ಬರೆಯಲು ಒಂದೂವರೆ ಗಂಟೆ. 24 ದಿನಚರಿಗೆ 54ರಿಂದ 60 ಗಂಟೆ. ಮರುದಿನಕ್ಕೆ ಬಿಟ್ಟರೆ ನಿಮ್ಮ ಗೀಚು ನಿಮಗೇ ಅರ್ಥವಾಗುವುದಿಲ್ಲ.

ಸಂತೆಯ ದಿನ, ಅಮಾವಾಸ್ಯೆ, ಜಾತ್ರೆ, ಮನೆಯಲ್ಲಿ ನೆಂಟರಿರುವ ದಿನ ಬೇರೆಯೇ ಇರುತ್ತವೆ. ಬಿಡಬೇಡಿ, ಗುರುತು ಹಾಕಿ. ಒಬ್ಬೊಬ್ಬರ ಎರಡು ದಿನಗಳಲ್ಲಿ ಒಂದು ಸಾದಾ ದಿನ, ಒಂದು ಸಂತೆಯದೋ ಕೂಲಿಯದೋ ಇರಲಿ. ಇದಕ್ಕಿಂತ ದೊಡ್ಡ ತೊಡಕು ಹಂಗಾಮು. ನೀವು ಹೋಗುತ್ತಿರುವುದು ಬೇಸಿಗೆಯಾದರೆ ಮಳೆ ನಂಬಿದ ಹೊಲ ಖಾಲಿ. ಕಳೆ ತೆಗೆಯುವ ಹೊತ್ತಿನಲ್ಲಿ ಅದೇ ಹೆಂಗಸಿನ ದಿನ ಬೇರೆಯಾಗಿರುತ್ತದೆ, ನಿಮ್ಮ ಅಂಕಿ ಹೊಲದ ದುಡಿಮೆಯನ್ನು ಕಡಿಮೆ ತೋರಿಸುತ್ತದೆ. ಸರಿಪಡಿಸಲು ಆಗದು. ಬಿತ್ತನೆಯಿಂದ ರಾಶಿಯವರೆಗೆ ತಿಂಗಳುವಾರು ಯಾರ ದುಡಿಮೆ ಏನು ಎಂಬ ಪಟ್ಟಿಯನ್ನು ಮೂರು ನಾಲ್ಕು ಹಿರಿಯ ಹೆಂಗಸರ ಜೊತೆ ಕೂತು ಮಾಡಿ ಪಕ್ಕದಲ್ಲಿಡಿ.

ಯಾರನ್ನು ಆರಿಸುವುದು

‘ಗ್ರಾಮೀಣ ಮಹಿಳೆ’ ಎಂಬ ಒಬ್ಬಳು ಇಲ್ಲ. ನೀರಾವರಿ ಹೊಲದ ಮನೆಯ ಸೊಸೆಯೂ ಭೂಮಿಯಿಲ್ಲದ ಕೂಲಿ ಹೆಂಗಸೂ ಒಂದೇ ಊರಿನವರು, ಅವರ ದಿನ ಒಂದೇ ಅಲ್ಲ. ಮೊದಲನೆಯವಳಿಗೆ ಹೊಲಕ್ಕೆ ಹೋಗದಿರುವುದೇ ಮನೆತನದ ಗೌರವ, ಎರಡನೆಯವಳಿಗೆ ಹೋಗದಿದ್ದರೆ ಒಲೆ ಉರಿಯದು. 12 ಜನರನ್ನು ಮೂರು ಮೂರರಂತೆ ಹಂಚಿ: ಭೂಮಿಯಿಲ್ಲದವರು, ಒಣಬೇಸಾಯದ ಮನೆಯವರು, ನೀರಾವರಿಯವರು, ಮಗ್ಗದ ಮನೆಯವರು. ಪ್ರತಿ ಮೂವರಲ್ಲಿ ಒಬ್ಬ ಸೊಸೆ, ಒಬ್ಬ ಅತ್ತೆ, ಗಂಡ ದುಡಿಯಲು ಬೆಂಗಳೂರಿಗೋ ಗೋವಾಕ್ಕೋ ಹೋಗಿರುವ ಒಬ್ಬಳು ಸಿಕ್ಕಿದರೆ ಚೆನ್ನ. ದಲಿತ ಓಣಿಯ ಹೆಂಗಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಪ್ರಬಂಧಕ್ಕೆ ಕೈಹಾಕಬೇಡಿ. ನೀರಿಗೆ ಎಷ್ಟು ಹೊತ್ತು ಎಂಬುದು ಎಷ್ಟೋ ಕಡೆ ಯಾವ ನಳ ಯಾರ ಓಣಿಯಲ್ಲಿದೆ ಎಂಬುದರ ಮೇಲೆ ನಿಂತಿದೆ.

ಜೊತೆಗೆ ಆರು ಗಂಡಸರ ಒಂದೊಂದು ದಿನಚರಿ, ಅದೇ ಮನೆಯದು, ಅದೇ ದಿನದ್ದು. ಈ ಸಲಹೆ ನಿಮ್ಮ ಮಾರ್ಗದರ್ಶಕರಿಗೆ ವಿಚಿತ್ರ ಎನಿಸಬಹುದು. ಆದರೆ ಲಿಂಗತ್ವ ಎಂದರೆ ಹೆಂಗಸರ ಪಟ್ಟಿಯಲ್ಲ, ಒಬ್ಬರ ದಿನ ಇನ್ನೊಬ್ಬರ ದಿನದ ಮೇಲೆ ಹೇಗೆ ನಿಂತಿದೆ ಎಂಬ ಸಂಬಂಧ. ಗಂಡನ ದಿನಚರಿಯಲ್ಲಿ ‘ಊಟ ಮಾಡಿದೆ, 20 ನಿಮಿಷ’ ಎಂದಿರುವ ಜಾಗದಲ್ಲಿ ಹೆಂಡತಿಯದರಲ್ಲಿ ಏನಿದೆ ಎಂದು ಎದುರುಬದುರು ಇಟ್ಟು ತೋರಿಸಿ. ಸ್ತ್ರೀ, ಪುರುಷ ಎಂಬ ದೇಹದ ಗುರುತಿಗೆ ‘ಲಿಂಗ’, ಸಮಾಜ ಕಟ್ಟಿದ ಪಾತ್ರಗಳಿಗೆ ‘ಲಿಂಗತ್ವ’ ಎಂದು ಇಡೀ ಪ್ರಬಂಧದಲ್ಲಿ ಒಂದೇ ಹದದಲ್ಲಿ ಬಳಸಿ. ಅಧ್ಯಾಯಕ್ಕೊಂದು ಮಾತಾದರೆ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ.

ಒಪ್ಪಿಗೆ, ಪಕ್ಕದಲ್ಲಿ ಕೂತವರು

ಯಾಕೆ ಕೇಳುತ್ತಿದ್ದೀರಿ, ಯಾರು ಓದುತ್ತಾರೆ, ಇದರಿಂದ ಯಾವ ಸವಲತ್ತೂ ಬರುವುದಿಲ್ಲ, ಹೋಗುವುದೂ ಇಲ್ಲ, ನಡುವೆ ಬೇಡವೆನಿಸಿದರೆ ನಿಲ್ಲಿಸಬಹುದು. ಈ ನಾಲ್ಕು ಮಾತು ಮೊದಲೇ ಹೇಳಿ. ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಹೋಗಬೇಡಿ, ಕಾಗದಕ್ಕೆ ಹೆಬ್ಬೆಟ್ಟು ಎಂದರೆ ಸಾಲವೋ ಆಸ್ತಿಯೋ ಎಂಬ ಅನುಭವ ಅವರದು. ಬಾಯಿಮಾತಿನ ಒಪ್ಪಿಗೆ ಪಡೆದು ದಿನಾಂಕದೊಡನೆ ಬರೆದಿಡಿ, ಇದು ನಡೆಯುತ್ತದೆಯೇ ಎಂದು ಕಾಲೇಜಿನಲ್ಲಿ ಮೊದಲೇ ಕೇಳಿಕೊಳ್ಳಿ. 18 ತುಂಬದ ಹುಡುಗಿಯ ದಿನಚರಿ ಬೇಕಿದ್ದರೆ ಮನೆಯವರ ಒಪ್ಪಿಗೆಯ ಜೊತೆ ಅವಳ ಒಪ್ಪಿಗೆಯೂ ಬೇಕು.

ಅತ್ತೆಯೋ ಗಂಡನೋ ಪಕ್ಕದಲ್ಲಿ ಕೂತರೆ ಎಬ್ಬಿಸಲು ಹೋಗಬೇಡಿ, ಮುಂದೆ ಆ ಹೆಂಗಸಿಗೇ ತೊಂದರೆ. ಅವರಿದ್ದರು ಎಂದು ಗುರುತು ಹಾಕಿ, ಅಡುಗೆಯ ಪ್ರಶ್ನೆಗಳಿಂದ ಹೊತ್ತು ತುಂಬಿಸಿ. ಎರಡನೆಯ ದಿನಚರಿಯನ್ನು ಹೊಳೆಯ ದಾರಿಯಲ್ಲೋ ಕಂಡಿಕೆ ಸುತ್ತುವಾಗಲೋ ಮಾಡಿ. ಎರಡೂ ದಿನಚರಿಗಳ ವ್ಯತ್ಯಾಸವೇ ಒಂದು ಮಾಹಿತಿ.

ಹೆಸರು ಬದಲಿಸಿದರೆ ಸಾಲದು. ಊರಿಗೊಬ್ಬಳೇ ಅಂಗನವಾಡಿ ಕಾರ್ಯಕರ್ತೆ ಇದ್ದರೆ ‘ಸುಮಾ, ಅಂಗನವಾಡಿ ಕಾರ್ಯಕರ್ತೆ’ ಎಂದು ಬರೆದರೂ ಅದು ಯಾರೆಂದು ಊರಿಗೆಲ್ಲ ಗೊತ್ತು. ಊರಿನ ಹೆಸರು ಕೈಬಿಡಿ, ಉದ್ಯೋಗ, ಮಕ್ಕಳ ಸಂಖ್ಯೆಯಂಥ ಗುರುತುಗಳಲ್ಲಿ ಒಂದೆರಡನ್ನು ಮಸುಕು ಮಾಡಿ. ಫೋಟೊ ಬೇಡ.

ಹೊಡೆತ, ಬಡಿತದ ಬಗ್ಗೆ ನೀವಾಗಿ ಕೇಳಬೇಡಿ, ಈ ಅಧ್ಯಯನಕ್ಕೆ ಅದು ಬೇಡ, ಕೇಳಲು ಬೇಕಾದ ತರಬೇತಿಯೂ ಬೇರೆ. ಆದರೂ ದಿನಚರಿಯ ನಡುವೆ ಅದು ಬಂದೇ ಬರಬಹುದು. ಆಗ ಪೆನ್ನು ಕೆಳಗಿಡಿ, ಕೇಳಿಸಿಕೊಳ್ಳಿ, ಆಕೆ ಬಯಸಿದರೆ ಮಾತ್ರ 181 ಮಹಿಳಾ ಸಹಾಯವಾಣಿ, ನೊಂದ ಹೆಂಗಸರಿಗೆ ನೆರವು ಕೊಡುವ ಜಿಲ್ಲೆಯ ಸಖಿ ಕೇಂದ್ರ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿ ಇವೆ ಎಂದು ತಿಳಿಸಿ. ತುರ್ತಾದರೆ 112. ಚೀಟಿಯಲ್ಲಿ ಬರೆದು ಕೊಡಬೇಡಿ, ಅದು ಬೇರೆಯವರ ಕೈಗೆ ಸಿಗುತ್ತದೆ. ಗಂಡನಿಗೆ ಬುದ್ಧಿ ಹೇಳಲು ಹೋಗಬೇಡಿ. ಆ ಭಾಗವನ್ನು ಪ್ರಬಂಧದಲ್ಲಿ ಬಳಸಬೇಡಿ.

ಅಂಕಿಗಳನ್ನು ಬಳಸುವಾಗ ಎಡವುವ ಜಾಗ

ಹಿನ್ನೆಲೆಗೆ ರಾಷ್ಟ್ರೀಯ ಅಂಕಿ ಬೇಕು. 2019ರ ಸಮೀಕ್ಷೆಯಂತೆ 6 ವರ್ಷ ತುಂಬಿದ ಹೆಣ್ಣುಮಕ್ಕಳು ಸಂಬಳವಿಲ್ಲದ ಮನೆಗೆಲಸಕ್ಕೆ ದಿನಕ್ಕೆ 299 ನಿಮಿಷ ಕೊಟ್ಟರೆ ಗಂಡಸರು 97 ನಿಮಿಷ. 2024ರಲ್ಲಿ ಇದು 289 ಮತ್ತು 88. ಈ ಅಂಕಿಗಳನ್ನು ಎಲ್ಲರೂ ಎತ್ತಿ ಬರೆಯುತ್ತಾರೆ, ಅದರ ಕೆಳಗಿನ ಷರತ್ತನ್ನು ಓದುವುದಿಲ್ಲ. ಇದು ಆ ದಿನ ಮನೆಗೆಲಸ ಮಾಡಿದವರ ಸರಾಸರಿ ಮಾತ್ರ. 2019ರಲ್ಲಿ ಮನೆಗೆಲಸಕ್ಕೆ ಕೈಹಾಕಿದ ಹೆಣ್ಣುಮಕ್ಕಳು ಶೇ. 81.2, ಗಂಡಸರು ಶೇ. 26.1. ಕೈಹಾಕದವರನ್ನೂ ಸೊನ್ನೆಯೆಂದು ಸೇರಿಸಿ ಎಲ್ಲರಿಗೂ ಹಂಚಿದರೆ ಹೆಣ್ಣಿಗೆ 243 ನಿಮಿಷ, ಗಂಡಿಗೆ 25. ಮೊದಲ ಲೆಕ್ಕದಲ್ಲಿ ಅಂತರ ಮೂರು ಪಟ್ಟು, ಎರಡನೆಯದರಲ್ಲಿ ಸುಮಾರು ಹತ್ತು ಪಟ್ಟು. ಎರಡೂ ಸತ್ಯ. ಯಾವುದನ್ನು ಹೇಳುತ್ತಿದ್ದೀರಿ ಎಂದು ಬರೆಯದಿದ್ದರೆ ಮಾತ್ರ ತಪ್ಪು.

ಇನ್ನೊಂದು ಬಲೆ: ಆ ‘ಮನೆಗೆಲಸ’ದ ನಿಮಿಷಗಳಲ್ಲಿ ನೀರು, ಸೌದೆ ಇಲ್ಲ. ಸಮೀಕ್ಷೆ ಅನುಸರಿಸುವ ಚಟುವಟಿಕೆಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಅವು ‘ಸ್ವಂತ ಬಳಕೆಗೆ ವಸ್ತು ಉತ್ಪಾದನೆ’ ಎಂಬ ಬೇರೆ ಭಾಗಕ್ಕೆ ಹೋಗುತ್ತವೆ, ಮಕ್ಕಳ, ಮುದುಕರ ಆರೈಕೆ ಮತ್ತೊಂದಕ್ಕೆ. ನಿಮ್ಮ ಊರಿನ ಹೆಂಗಸು ಇವೆಲ್ಲವನ್ನೂ ‘ಮನಿ ಬದುಕು’ ಎಂದು ಒಂದೇ ಗಂಟು ಕಟ್ಟುತ್ತಾಳೆ. ನೀವು ಆ ಗಂಟನ್ನು 289ರ ಪಕ್ಕ ಇಟ್ಟು ‘ನಮ್ಮೂರಲ್ಲಿ ಹೆಚ್ಚು’ ಎಂದರೆ ಹೋಲಿಕೆ ತಪ್ಪು. ಎಮ್ಮೆಯ ಲೆಕ್ಕವೂ ಹೀಗೇ. ಹಾಲು ಡೈರಿಗೆ ಹೋದರೆ ಅದು ಉದ್ಯೋಗ, ಮನೆಗೇ ಆದರೆ ಸ್ವಂತ ಬಳಕೆಯ ಉತ್ಪಾದನೆ. ಸೆಗಣಿ ಬಾಚುವವಳಿಗೆ ಎರಡೂ ಒಂದೇ. ಡೈರಿಯ ಪುಸ್ತಕ ಯಾರ ಹೆಸರಿನಲ್ಲಿದೆ ಎಂದು ಮಾತ್ರ ಮರೆಯದೆ ಕೇಳಿ.

ದುಡಿಮೆಗೆ ರೂಪಾಯಿ ಬೆಲೆ ಕಟ್ಟುವ ಆಸೆ ಬರುತ್ತದೆ. ಎರಡು ದಾರಿಗಳಿವೆ: ಬೇರೆಯವರಿಂದ ಮಾಡಿಸಿದ್ದರೆ ಎಷ್ಟಾಗುತ್ತಿತ್ತು, ಅಥವಾ ಆ ಹೊತ್ತಿನಲ್ಲಿ ಆಕೆ ಎಷ್ಟು ಗಳಿಸಬಹುದಿತ್ತು. ಎರಡನೆಯದರಲ್ಲಿ ಪದವೀಧರೆಯ ರೊಟ್ಟಿಗೆ ಅನಕ್ಷರಸ್ಥೆಯ ರೊಟ್ಟಿಗಿಂತ ಹೆಚ್ಚು ಬೆಲೆ ಬರುತ್ತದೆ. ಮೊದಲನೆಯದರಲ್ಲಿ ಈಗಾಗಲೇ ಕಡಿಮೆ ಇರುವ ಮನೆಗೆಲಸದವರ ಕೂಲಿಯೇ ಅಳತೆಗೋಲಾಗುತ್ತದೆ. ಪದವಿ ಮಟ್ಟದ ಪ್ರಬಂಧಕ್ಕೆ ಇದರ ಉಸಾಬರಿ ಬೇಡ ಎಂಬುದು ನನ್ನ ಅಭಿಪ್ರಾಯ. ನಿಮಿಷಗಳಲ್ಲೇ ಮಾತಾಡಿ.

ಹತ್ತು ವಾರದಲ್ಲಿ ಯಾವ ದಾರಿ

ಮಾರ್ಗದರ್ಶಕರು ಹಟ ಹಿಡಿದರೆ 100 ಮನೆಗಳ ಸಮೀಕ್ಷೆ ಮಾಡಬಹುದು, ಆದರೆ ಒಂದು ಪುಟದ್ದು, ಮತದಾರರ ಪಟ್ಟಿಯಿಂದ ಇಂತಿಷ್ಟು ಹೆಸರಿಗೊಂದರಂತೆ ಸಮ ಅಂತರದಲ್ಲಿ ಆರಿಸಿದ್ದು. ಅಪಾಯ: ನಿಮ್ಮ 15 ‘ಇಲ್ಲ’ಗಳು 70 ‘ಇಲ್ಲ’ಗಳಾಗುತ್ತವೆ, ಅಷ್ಟೇ. ಎರಡನೆಯ ದಾರಿ ಊರಿಗೆ ಹೋಗದೆ ಸಮಯ ಬಳಕೆ ಸಮೀಕ್ಷೆಯ ಮೂಲ ದತ್ತಾಂಶದಿಂದ ಕರ್ನಾಟಕದ ಭಾಗವನ್ನು ತೆಗೆದು ವಿಶ್ಲೇಷಿಸುವುದು. ಕೇಂದ್ರ ಅಂಕಿಸಂಖ್ಯಾ ಸಚಿವಾಲಯದ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಆರ್ ಅಥವಾ ಎಸ್‌ಪಿಎಸ್‌ಎಸ್ ಎಂಬ ಅಂಕಿಸಂಖ್ಯಾ ತಂತ್ರಾಂಶ ಬಲ್ಲವರು ಬೇಕು, ಪ್ರತಿ ನಮೂದಿಗೂ ಅದು ಎಷ್ಟು ಜನರ ಪರವಾಗಿ ನಿಂತಿದೆ ಎಂಬ ತೂಕದ ಗುಣಕ ಹಾಕಬೇಕು. ಅದನ್ನು ಮರೆತರೆ ಎಲ್ಲ ಸರಾಸರಿಗಳೂ ತಪ್ಪು. ಜೊತೆಗೆ ಮನೆಯ ಒಬ್ಬರು ಇನ್ನೊಬ್ಬರ ಪರವಾಗಿ ಹೇಳಿದ ಉತ್ತರಗಳೂ ಅದರಲ್ಲಿವೆ. ಮೂರನೆಯದು ಮೇಲೆ ಹೇಳಿದ 12 ಹೆಂಗಸರ ದಿನಚರಿ. ನಾನಾದರೆ ಇದನ್ನೇ ಆರಿಸುತ್ತೇನೆ, ಹಿನ್ನೆಲೆಗೆ ಪ್ರಕಟಿತ ಕೋಷ್ಟಕಗಳಷ್ಟನ್ನೇ ಬಳಸುತ್ತೇನೆ. ಇದರ ಅಪಾಯವೆಂದರೆ ನಡುವೆ ಇಬ್ಬರು ಮೂವರು ಬಿಟ್ಟುಹೋಗುವುದು, ಆದ್ದರಿಂದ 15 ಜನರೊಡನೆ ಶುರು ಮಾಡಿ. ಮೊದಲ ವಾರ ಗುರುತುಗಳ ಪಟ್ಟಿ ಮತ್ತು ಅಭ್ಯಾಸ, ಮುಂದಿನ ನಾಲ್ಕು ವಾರ ದಿನಚರಿ, ಎರಡು ವಾರ ವಿಂಗಡಣೆ, ಉಳಿದ ಮೂರು ಬರವಣಿಗೆಗೆ. ಓದಿದ ಪುಸ್ತಕಗಳ ಅಧ್ಯಾಯವನ್ನು ದಿನಚರಿಯ ವಾರಗಳಲ್ಲೇ ಬೆಳಗ್ಗೆ ಬರೆಯುತ್ತಾ ಹೋಗಿ, ಕೊನೆಗೆ ಉಳಿಸಿಕೊಂಡರೆ ಅದೇ ಮುಳುಗಿಸುತ್ತದೆ. ‘ಮಹಿಳೆಯರಲ್ಲಿ ಅರಿವು ಮೂಡಿಸಬೇಕು’ ಎಂಬ ಸಲಹೆಯೊಡನೆ ಪ್ರಬಂಧ ಮುಗಿಸುವುದನ್ನೂ ದಯವಿಟ್ಟು ಬಿಡಿ. ದಿನಕ್ಕೆ ಎಷ್ಟು ದುಡಿಯುತ್ತೇವೆಂಬ ಅರಿವು ಅವರಿಗಿದೆ, ನಮ್ಮ ಪ್ರಶ್ನಾವಳಿಗಿರಲಿಲ್ಲ.

‘ಮುಂದೇನು ಉಪಯೋಗ’ ಎಂಬ ಮನೆಯವರ ಪ್ರಶ್ನೆಗೆ ಚುಟುಕಾಗಿ: ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನದ ಸ್ನಾತಕೋತ್ತರ ಪದವಿ ಇದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ವಿಭಾಗವಿದೆ, ಕಾಲೇಜು ಅಧ್ಯಾಪಕರ ಅರ್ಹತೆಗಾಗಿ ನಡೆಯುವ ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಇದು ಸ್ವತಂತ್ರ ವಿಷಯ. ಅಧ್ಯಾಪಕ ಹುದ್ದೆಗಳು ಕಡಿಮೆ ಎಂಬುದೂ ನಿಜ. ಅದಕ್ಕೇ ಸಮಾಜಶಾಸ್ತ್ರವನ್ನೋ ಅರ್ಥಶಾಸ್ತ್ರವನ್ನೋ ಜೊತೆಗೆ ಗಟ್ಟಿ ಮಾಡಿಕೊಳ್ಳಿ. ಸಮೀಕ್ಷೆ ವಿನ್ಯಾಸ, ದಿನಚರಿ, ದತ್ತಾಂಶ ವಿಂಗಡಣೆ ಬಂದವರಿಗೆ ಸ್ವಯಂಸೇವಾ ಸಂಸ್ಥೆಗಳಲ್ಲಿ, ಯೋಜನೆಗಳ ಮೌಲ್ಯಮಾಪನದಲ್ಲಿ ಕೆಲಸ ಸಿಗುತ್ತದೆ.

ಹಳೆಯ ಐದು ಪುಟದ ಪ್ರಶ್ನಾವಳಿಯನ್ನು ಎಸೆಯಬೇಡಿ. 22 ಉತ್ತರಗಳೊಡನೆ ಅದನ್ನು ಅನುಬಂಧದಲ್ಲಿ ಸೇರಿಸಿ, ಮೊದಲ ಅಧ್ಯಾಯವನ್ನು ಅದರಿಂದಲೇ ತೆರೆಯಿರಿ. ನಿಮ್ಮ ಮೊದಲ ದಿನಚರಿಗೆ ‘ಮನ್ಯಾಗ ಇರ್ತೀನಿ’ ಎಂದ ಆ 15 ಮಂದಿಯಲ್ಲೇ ಒಬ್ಬರ ಬಳಿ ಹೋಗಿ. ಮಗ್ಗದ ಮನೆಯಾದರೆ ಇನ್ನೂ ಒಳ್ಳೆಯದು. ರಾಟಿ ನಿಲ್ಲಿಸಿ ಕೂರಲು ಹೇಳಬೇಡಿ, ಆಕೆ ಸುತ್ತುತ್ತಿರಲಿ, ನೀವು ಪಕ್ಕದಲ್ಲಿ ಕೂತು ನಿನ್ನೆಯ ಮೊದಲ ಬಸ್ಸಿನಿಂದ ಶುರು ಮಾಡಿ.